ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿ ಇಂಟರ್ನ್‌ಶಿಪ್: ಒಂದು ಪೇಪರ್ ಹಿಡಿದು ಕೆಲಸ ಮಾಡುವ ಬಗೆ

ಲೈಬ್ರರಿಯಲ್ಲಿ ಇಂಟರ್ನ್‌ಶಿಪ್ ಅಂದ ಕೂಡಲೇ ಹೆಚ್ಚಿನವರಿಗೆ ಹೊಳೆಯುವುದು ಎರಡೇ ಕೆಲಸ. ವಾಪಸ್ ಬಂದ ಪುಸ್ತಕಗಳನ್ನು ರ‍್ಯಾಕಿಗೆ ಜೋಡಿಸುವುದು, ಹೊಸ ಪುಸ್ತಕಗಳಿಗೆ ಬಾರ್‌ಕೋಡ್ ಅಂಟಿಸುವುದು. ಎರಡೂ ಬೇಕಾದ ಕೆಲಸಗಳೇ. ಆದರೆ ಇಡೀ ಅವಧಿ ಅದನ್ನೇ ಮಾಡಿ ಸರ್ಟಿಫಿಕೇಟ್ ತೆಗೆದುಕೊಂಡು ಹೋದರೆ ನೀವು ಕಲಿತದ್ದೂ ಕಡಿಮೆ, ಲೈಬ್ರರಿಗೆ ಸಿಕ್ಕಿದ್ದೂ ಕಡಿಮೆ.

ಈ ಮಾರ್ಗದರ್ಶಿ ಬೇರೆ ತರಹದ ಇಂಟರ್ನ್‌ಶಿಪ್ ಬಗ್ಗೆ. ಪಾಠ ಮಾಡುವವರಿಗೂ ಕಲಿಯುವವರಿಗೂ ನೇರವಾಗಿ ಉಪಯೋಗಕ್ಕೆ ಬರುವ ಕೆಲಸ ಇದು. ಕರ್ನಾಟಕದ ಸರ್ಕಾರಿ ವಿಶ್ವವಿದ್ಯಾಲಯಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಎಂ.ಲಿಬ್. (ಗ್ರಂಥಾಲಯ ವಿಜ್ಞಾನ) ವಿದ್ಯಾರ್ಥಿಗಳಿಗೆ ಇದು ಸಹಜವಾಗಿ ಹೊಂದುತ್ತದೆ. ಎಂ.ಎ., ಎಂ.ಕಾಂ., ಎಂ.ಎಸ್ಸಿ. ಓದುವವರೂ ಮಾಡಬಹುದು. ಒಮ್ಮೊಮ್ಮೆ ಅವರೇ ಚೆನ್ನಾಗಿ ಮಾಡುತ್ತಾರೆ, ಯಾಕಂದ್ರೆ ತಮ್ಮ ವಿಷಯದಲ್ಲಿ ಹುಡುಗರು ಎಲ್ಲಿ ಒದ್ದಾಡುತ್ತಾರೆ ಅಂತ ಅವರಿಗೆ ಗೊತ್ತಿರುತ್ತದೆ.

ನನ್ನ ಸಲಹೆ ಒಂದೇ. ಇಡೀ ಲೈಬ್ರರಿಯನ್ನು ಸುಧಾರಿಸಲು ಹೋಗಬೇಡಿ. ಒಂದು ವಿಭಾಗದ ಒಂದು ಪೇಪರ್, ಅಂದರೆ ಸೆಮಿಸ್ಟರ್‌ನಲ್ಲಿ ಕಲಿಸುವ ಒಂದು ವಿಷಯ, ಹಿಡಿಯಿರಿ. ಆ ಪೇಪರ್‌ನ ಸಿಲಬಸ್‌ನಲ್ಲಿರುವ ಪುಸ್ತಕಗಳು ವಿದ್ಯಾರ್ಥಿಯ ಕೈಗೆ ಸಿಗುವವರೆಗೂ ಅದರ ಬೆನ್ನು ಬಿಡಬೇಡಿ.

1. ಯಾವಾಗ, ಎಷ್ಟು ಗಂಟೆ, ಯಾರನ್ನು ಕೇಳಬೇಕು

ಸೆಮಿಸ್ಟರ್ ಶುರುವಾಗಿ ಎರಡು ವಾರ ಕಳೆದ ಮೇಲೆ ಸೇರಿಕೊಳ್ಳುವುದು ಒಳ್ಳೆಯದು. ಅಷ್ಟೊತ್ತಿಗೆ ಅಡ್ಮಿಶನ್ ಗಲಾಟೆ ಮುಗಿದು ತರಗತಿಗಳು ಹಳಿಗೆ ಬಂದಿರುತ್ತವೆ. ಪರೀಕ್ಷೆ ಹತ್ತಿರ ಬಂದಾಗ ಸೇರಬೇಡಿ. ಆಗ ರೀಡಿಂಗ್ ರೂಮ್ ತುಂಬಿ ತುಳುಕುತ್ತಿರುತ್ತದೆ ನಿಜ, ಆದರೆ ಯಾರಿಗೂ ನಿಮ್ಮ ಮಾತು ಕೇಳುವ ಪುರುಸೊತ್ತಿರುವುದಿಲ್ಲ.

ಗಂಟೆಗಳ ಲೆಕ್ಕ ಮೊದಲೇ ತಿಳಿದುಕೊಳ್ಳಿ. ಯುಜಿಸಿ ಮಾರ್ಗಸೂಚಿಯಲ್ಲಿ ಇಂಟರ್ನ್‌ಶಿಪ್‌ನ ಒಂದು ಕ್ರೆಡಿಟ್ ಅಂದರೆ 30 ಗಂಟೆ. ಪದವಿ ಹಂತಕ್ಕೆ ಅದು ಹೇಳುವುದು 60ರಿಂದ 120 ಗಂಟೆ. ಆದರೆ ಕರ್ನಾಟಕದಲ್ಲಿ 2024ರಲ್ಲಿ ಮತ್ತೆ ಮೂರು ವರ್ಷದ ಪದವಿಗೆ ಮರಳಿ ಪಠ್ಯಕ್ರಮ ಬದಲಾಯಿತು. ಹಾಗಾಗಿ ಸೀನಿಯರ್‌ಗಳ ಮಾತು ನಂಬಿ ಕೂರಬೇಡಿ. ನಿಮ್ಮ ಬ್ಯಾಚಿನ ಸಿಲಬಸ್ ಪ್ರತಿ ತೆಗೆದು ನೋಡಿ.

ಅರ್ಜಿ ನಿಮ್ಮ ವಿಭಾಗದ ಅಧ್ಯಕ್ಷರ ಮೂಲಕ ಗ್ರಂಥಪಾಲಕರಿಗೆ ಹೋಗಬೇಕು. ಉದ್ದ ಬೇಡ. ಹೀಗಿದ್ದರೆ ಸಾಕು:

"ಮಾನ್ಯರೇ, ನಾನು ಎಂ.ಎ. ಅರ್ಥಶಾಸ್ತ್ರ ಮೂರನೇ ಸೆಮಿಸ್ಟರ್ ವಿದ್ಯಾರ್ಥಿ. ನಮ್ಮ ವಿಭಾಗದ 'ಕರ್ನಾಟಕದ ಆರ್ಥಿಕತೆ' ಪೇಪರ್‌ಗೆ ಬೇಕಾದ ಓದಿನ ಸಾಮಗ್ರಿಯನ್ನು ಲೈಬ್ರರಿಯಲ್ಲಿ ಗುರುತಿಸಿ, ವಿದ್ಯಾರ್ಥಿಗಳಿಗೆ ಒಂದು ಕೈಪಿಡಿ ಸಿದ್ಧಪಡಿಸುವ ಕೆಲಸಕ್ಕೆ 60 ಗಂಟೆಗಳ ಇಂಟರ್ನ್‌ಶಿಪ್ ಅವಕಾಶ ಕೋರುತ್ತೇನೆ. ಜೊತೆಗೆ ಕೌಂಟರ್ ಮತ್ತು ರೆಫರೆನ್ಸ್ ವಿಭಾಗದ ಕೆಲಸದಲ್ಲೂ ಸಹಾಯ ಮಾಡುತ್ತೇನೆ."

ಕೊನೆಯ ಸಾಲು ಮುಖ್ಯ. ಬಹಳಷ್ಟು ಕಡೆ ಲೈಬ್ರರಿಗಳಲ್ಲಿ ಸಿಬ್ಬಂದಿ ಕೊರತೆ ಇದೆ. "ನನ್ನ ಪ್ರಾಜೆಕ್ಟ್ ಮಾತ್ರ ಮಾಡ್ತೀನಿ" ಅನ್ನುವ ಇಂಟರ್ನ್‌ಗಿಂತ ಕೌಂಟರ್‌ನಲ್ಲೂ ಕೈಜೋಡಿಸುವವರನ್ನು ಅವರು ಖುಷಿಯಿಂದ ಒಳಗೆ ಬಿಟ್ಟುಕೊಳ್ಳುತ್ತಾರೆ.

ಒಪ್ಪಿಗೆ ಸಿಕ್ಕ ಮೇಲೆ ಕೆಲವು ವಿಷಯ ಬರವಣಿಗೆಯಲ್ಲಿ ಕೇಳಿ ಪಡೆಯಿರಿ. ನಿಮ್ಮ ಮೇಲ್ವಿಚಾರಕರು ಯಾರು? ಲೈಬ್ರರಿ ಸಾಫ್ಟ್‌ವೇರ್‌ನಲ್ಲಿ ನಿಮಗೆ ಎಷ್ಟರ ಮಟ್ಟಿನ ಲಾಗಿನ್ ಕೊಡುತ್ತಾರೆ? ಕೊನೆಯಲ್ಲಿ ನೀವು ಏನು ಒಪ್ಪಿಸಬೇಕು? ಸ್ಟೈಪೆಂಡ್ ಇದೆಯೋ ಇಲ್ಲವೋ ಅನ್ನುವುದನ್ನೂ ಸಂಕೋಚ ಬಿಟ್ಟು ಕೇಳಿ. ಸಾಮಾನ್ಯವಾಗಿ ಇರುವುದಿಲ್ಲ, ಅದನ್ನು ಮೊದಲೇ ತಿಳಿದುಕೊಂಡರೆ ಬಸ್ ಚಾರ್ಜ್ ಲೆಕ್ಕವನ್ನಾದರೂ ಹಾಕಬಹುದು.

2. ಮೊದಲ ವಾರ: ಕೌಂಟರ್ ಮತ್ತು ರ‍್ಯಾಕ್

ಪೇಪರ್ ಹಿಡಿಯುವ ಮುಂಚೆ ಕಟ್ಟಡ ಕಲಿಯಬೇಕು. ಇಶ್ಯೂ-ರಿಟರ್ನ್ ಕೌಂಟರ್‌ನಲ್ಲಿ ಕೂತು ನೋಡಿ. ಯಾರು ಬರುತ್ತಾರೆ, ಏನು ಕೇಳುತ್ತಾರೆ, ಯಾರು ಬರಿಗೈಲಿ ವಾಪಸ್ ಹೋಗುತ್ತಾರೆ? ಆ ಕೊನೆಯ ಗುಂಪಿನ ಮೇಲೆ ಕಣ್ಣಿಡಿ. ಪುಸ್ತಕ ಇಲ್ಲದೆ ಹೋದವರು ಎಷ್ಟೋ, ಇದ್ದರೂ ಸಿಗದೆ ಹೋದವರೂ ಅಷ್ಟೇ ಇರುತ್ತಾರೆ.

ಸಾಫ್ಟ್‌ವೇರ್ ಸಾಮಾನ್ಯವಾಗಿ ಕೊಹಾ, ಸೋಲ್ ಅಥವಾ ಇ-ಗ್ರಂಥಾಲಯ ಆಗಿರುತ್ತದೆ. ಯಾವುದೇ ಇದ್ದರೂ ಹುಡುಕುವುದು, ಇಶ್ಯೂ ಮಾಡುವುದು, ರಿಸರ್ವ್ ಮಾಡುವುದು ಒಂದೆರಡು ದಿನದಲ್ಲಿ ಬರುತ್ತದೆ.

ರ‍್ಯಾಕ್‌ಗೆ ಸ್ವಲ್ಪ ಜಾಸ್ತಿ ಸಮಯ ಕೊಡಿ. ಹೆಚ್ಚಿನ ಕಡೆ ಡ್ಯೂಯಿ ವರ್ಗೀಕರಣ, ಅಂದರೆ ವಿಷಯಕ್ಕೊಂದು ಸಂಖ್ಯೆ ಕೊಟ್ಟು ಪುಸ್ತಕ ಜೋಡಿಸುವ ಪದ್ಧತಿ, ಇದೆ. ಅದರ ನಂಬರ್ ಓದಲು ಬಂದರೆ ಅರ್ಧ ಲೈಬ್ರರಿ ಬಂದ ಹಾಗೆ. ಒಂದು ಉದಾಹರಣೆ ನೋಡಿ. 330 ಅಂದರೆ ಅರ್ಥಶಾಸ್ತ್ರ. ಡ್ಯೂಯಿಯಲ್ಲಿ ಕರ್ನಾಟಕಕ್ಕೆ ಸಿಕ್ಕಿರುವ ಸ್ಥಳಸಂಖ್ಯೆ 5487. ಎರಡನ್ನೂ ನಡುವಿನ 9 ಕೂಡಿಸುತ್ತದೆ. ಆಗ 330.95487 ಅಂದರೆ ಕರ್ನಾಟಕದ ಆರ್ಥಿಕ ಸ್ಥಿತಿಗತಿ. ಅದೇ ತರಹ ಕನ್ನಡ ಸಾಹಿತ್ಯ 894.814. ಮುಂದೆ 1 ಬಂದರೆ ಕಾವ್ಯ, 2 ಬಂದರೆ ನಾಟಕ, 3 ಬಂದರೆ ಕಾದಂಬರಿ-ಕಥೆ. ಸ್ಪೈನ್ ಲೇಬಲ್ ನೋಡಿದ ಕೂಡಲೇ ಪುಸ್ತಕ ಯಾವ ಕೇರಿಯದ್ದು ಅಂತ ಗೊತ್ತಾಗಬೇಕು. ಅಷ್ಟಾಗುವವರೆಗೆ ರ‍್ಯಾಕ್ ಜೋಡಿಸಿ. ಆಮೇಲೆ ಆ ಕೆಲಸ ದಿನಕ್ಕೆ ಅರ್ಧ ಗಂಟೆ ಸಾಕು.

ಥೀಸಿಸ್ ವಿಭಾಗ, ಹಳೆಯ ನಿಯತಕಾಲಿಕಗಳ ಬೌಂಡ್ ವಾಲ್ಯೂಮ್‌ಗಳು, ಸರ್ಕಾರಿ ವರದಿಗಳು ಇರುವ ಮೂಲೆ, ಇವನ್ನು ಬಿಡಬೇಡಿ. ಸರ್ಕಾರಿ ವರದಿಗಳ ಮೂಲೆಗೆ ಎಷ್ಟೋ ಕಡೆ ಧೂಳು ಬಿಟ್ಟರೆ ಬೇರೆ ಓದುಗರಿಲ್ಲ. ನಿಮ್ಮ ಕೆಲಸಕ್ಕೆ ಅದೇ ಚಿನ್ನದ ಗಣಿ ಆಗಬಹುದು.

3. ಪೇಪರ್ ಆಯ್ಕೆ, ಮೇಷ್ಟ್ರ ಭೇಟಿ

ಯಾವ ಪೇಪರ್? ವಿದ್ಯಾರ್ಥಿಗಳ ಸಂಖ್ಯೆ ಜಾಸ್ತಿ ಇರಬೇಕು. ಒಂದೇ ಟೆಕ್ಸ್ಟ್‌ಬುಕ್‌ನಲ್ಲಿ ಮುಗಿಯದೆ ಹತ್ತಾರು ಕಡೆಯಿಂದ ಓದಬೇಕಾದದ್ದು ಆಗಿರಬೇಕು. ಪಾಠ ಮಾಡುವವರು ನಿಮ್ಮ ಜೊತೆ ಮಾತಾಡಲು ಸಿದ್ಧರಿರಬೇಕು. ಈ ಮೂರನೆಯದು ಇಲ್ಲದಿದ್ದರೆ ಉಳಿದೆರಡು ಇದ್ದೂ ಉಪಯೋಗವಿಲ್ಲ. ನಾನಿಲ್ಲಿ 'ಕರ್ನಾಟಕದ ಆರ್ಥಿಕತೆ' ಪೇಪರನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳುತ್ತೇನೆ.

ಮೇಷ್ಟ್ರನ್ನು ನೋಡಲು ಹೋಗುವಾಗ ಸಿಲಬಸ್ ಪ್ರಿಂಟ್ ಕೈಯಲ್ಲಿರಲಿ. "ಸರ್, ನಾನೇನು ಮಾಡಲಿ?" ಅಂತ ಕೇಳಬೇಡಿ. ಅವರಿಗೂ ತಕ್ಷಣ ಏನೂ ಹೊಳೆಯುವುದಿಲ್ಲ. ಬದಲಿಗೆ ಹೀಗೆ ಕೇಳಿ: "ಸರ್, ಈ ಪಟ್ಟಿಯಲ್ಲಿ ನೀವು ನಿಜವಾಗಿ ಓದಿಸುವುದು ಯಾವುದು? ಅಸೈನ್‌ಮೆಂಟ್ ಯಾವಾಗ ಕೊಡ್ತೀರಿ? ಹೋದ ವರ್ಷದ ಅಸೈನ್‌ಮೆಂಟ್‌ಗಳಲ್ಲಿ ಹುಡುಗರು ಎಲ್ಲಿ ಎಡವಿದ್ದರು?"

ಮೊದಲ ಪ್ರಶ್ನೆಗೆ ಬರುವ ಉತ್ತರ ನಿಮ್ಮ ಕೆಲಸವನ್ನು ಅರ್ಧಕ್ಕೆ ಇಳಿಸುತ್ತದೆ. ಸಿಲಬಸ್ ಕೊನೆಯಲ್ಲಿರುವ ಪುಸ್ತಕಪಟ್ಟಿ ಎಷ್ಟೋ ಸಲ ಹಳೆಯ ಸಿಲಬಸ್‌ನಿಂದ ಹಾಗೇ ಇಳಿಸಿಕೊಂಡದ್ದು. ಮೇಷ್ಟ್ರು ಅದರಲ್ಲಿ ನಾಲ್ಕೈದನ್ನು ಮಾತ್ರ ಬಳಸುತ್ತಿರುತ್ತಾರೆ. ಜೊತೆಗೆ ಪಟ್ಟಿಯಲ್ಲಿಲ್ಲದ ಇನ್ನೆರಡು ಅವರ ಸ್ವಂತ ಬೀರುವಿನಲ್ಲಿರುತ್ತವೆ.

4. ಪಟ್ಟಿ ಹಿಡಿದು ಹುಡುಕಾಟ

ಇಡೀ ಇಂಟರ್ನ್‌ಶಿಪ್‌ನ ತಿರುಳು ಇದು. ಇಲ್ಲಿ ಅವಸರ ಮಾಡಬೇಡಿ.

ಒಂದು ಎಕ್ಸೆಲ್ ಶೀಟ್ ತೆರೆಯಿರಿ. ಒಂದು ಸಾಲಿಗೆ ಒಂದು ಪುಸ್ತಕ ಅಥವಾ ಲೇಖನ. ಲೇಖಕರು, ಶೀರ್ಷಿಕೆ, ಆವೃತ್ತಿ, ಕಾಲ್ ನಂಬರ್ (ಸ್ಪೈನ್ ಲೇಬಲ್ ಮೇಲಿರುವ ಸಂಖ್ಯೆ), ಎಷ್ಟು ಪ್ರತಿ, ರ‍್ಯಾಕ್‌ನಲ್ಲಿ ಕಣ್ಣಾರೆ ಕಂಡಿತೋ ಇಲ್ಲವೋ, ಆನ್‌ಲೈನ್‌ನಲ್ಲಿ ಕಾನೂನುಬದ್ಧವಾಗಿ ಸಿಗುತ್ತದೋ, ಯಾವ ಯೂನಿಟ್‌ಗೆ ಬೇಕು, ಇಷ್ಟನ್ನು ದಾಖಲಿಸಿ. ಕಂಪ್ಯೂಟರ್‌ನಲ್ಲಿ 'ಲಭ್ಯವಿದೆ' ಅಂತ ಬಂದ ಮಾತ್ರಕ್ಕೆ ಟಿಕ್ ಹಾಕಬೇಡಿ. ರ‍್ಯಾಕಿಗೆ ಹೋಗಿ ಮುಟ್ಟಿ ನೋಡಿ. ಇಲ್ಲದಿದ್ದರೆ ಸುತ್ತಮುತ್ತಲ ರ‍್ಯಾಕ್‌ಗಳಲ್ಲಿ ಹುಡುಕಿ. ತನಗೊಬ್ಬನಿಗೇ ಸಿಗಲಿ ಅಂತ ಪುಸ್ತಕವನ್ನು ಬೇರೆ ವಿಷಯದ ಸಾಲಿನಲ್ಲಿ ಬಚ್ಚಿಡುವ ಜಾಣರು ಎಲ್ಲ ಕಾಲದಲ್ಲೂ ಇದ್ದಾರೆ.

ಈಗ ಒಂದೇ ಒಂದು ಪುಸ್ತಕದ ಕಥೆ ಹತ್ತಿರದಿಂದ ನೋಡೋಣ. ಈ ಪೇಪರ್‌ನಲ್ಲಿ ಪ್ರಾದೇಶಿಕ ಅಸಮತೋಲನದ ಯೂನಿಟ್ ಬಂದಾಗ ಎಲ್ಲರೂ ಕೇಳುವುದು 'ನಂಜುಂಡಪ್ಪ ವರದಿ'. ಡಾ. ಡಿ. ಎಂ. ನಂಜುಂಡಪ್ಪ ಅಧ್ಯಕ್ಷತೆಯ ಸಮಿತಿ 2002ರಲ್ಲಿ ಸರ್ಕಾರಕ್ಕೆ ಕೊಟ್ಟ ವರದಿ ಇದು. ಆಗಿದ್ದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದವು ಎಂದು ಗುರುತಿಸಿತ್ತು. ತರಗತಿಯಲ್ಲಿ, ಪತ್ರಿಕೆಗಳಲ್ಲಿ, ವಿಧಾನಸಭೆಯಲ್ಲಿ ಎಲ್ಲ ಕಡೆ ಅದರ ಹೆಸರು ನಂಜುಂಡಪ್ಪ ವರದಿಯೇ. ವಿದ್ಯಾರ್ಥಿ ಕಂಪ್ಯೂಟರ್ ಮುಂದೆ ಕೂತು ಶೀರ್ಷಿಕೆಯ ಜಾಗದಲ್ಲಿ ಅದನ್ನೇ ಟೈಪ್ ಮಾಡುತ್ತಾನೆ. ಏನೂ ಬರುವುದಿಲ್ಲ. ಯಾಕಂದ್ರೆ ಮುಖಪುಟದಲ್ಲಿರುವುದು ಪ್ರಾದೇಶಿಕ ಅಸಮತೋಲನ ನಿವಾರಣೆಯ ಉನ್ನತಾಧಿಕಾರ ಸಮಿತಿ ಎಂಬ ಉದ್ದ ಹೆಸರು, ಅದೂ ಇಂಗ್ಲಿಷ್‌ನಲ್ಲಿ. ಕ್ಯಾಟಲಾಗ್ ಮಾಡಿದವರು ನಿಯಮದ ಪ್ರಕಾರ ಅದನ್ನೇ ದಾಖಲಿಸಿರುತ್ತಾರೆ. ಅವರ ತಪ್ಪಿಲ್ಲ. ಹುಡುಗನ ತಪ್ಪೂ ಇಲ್ಲ. ವರದಿ ಅದೇ ಕಟ್ಟಡದಲ್ಲಿ ಕೂತಿರುತ್ತದೆ, ಹುಡುಗ ಮಾತ್ರ 'ಇಲ್ವಂತೆ' ಅಂತ ಹೇಳಿಕೊಂಡು ಕ್ಯಾಂಟೀನ್‌ಗೆ ಹೋಗುತ್ತಾನೆ.

ಇದಕ್ಕೆ ಪರಿಹಾರ ಸುಲಭ. ಮಾರ್ಕ್ ದಾಖಲೆಯಲ್ಲಿ, ಅಂದರೆ ಕಂಪ್ಯೂಟರ್ ಕ್ಯಾಟಲಾಗ್‌ನಲ್ಲಿ ಪುಸ್ತಕದ ವಿವರ ತುಂಬಿಸುವ ನಮೂನೆಯಲ್ಲಿ, 246 ಅನ್ನುವ ಫೀಲ್ಡ್ ಇದೆ. ಪುಸ್ತಕಕ್ಕೆ ಇರುವ ಬೇರೆ ಹೆಸರುಗಳನ್ನು ಹಾಕುವ ಜಾಗ ಅದು. ಅಲ್ಲಿ 'ನಂಜುಂಡಪ್ಪ ವರದಿ' ಅಂತ ಕನ್ನಡದಲ್ಲೂ ಇಂಗ್ಲಿಷ್‌ನಲ್ಲೂ ಸೇರಿಸಿದರೆ ಮರುದಿನದಿಂದ ಎಲ್ಲರಿಗೂ ಸಿಗುತ್ತದೆ. ನೀವೇ ತಿದ್ದಬೇಡಿ. ಕ್ಯಾಟಲಾಗ್ ವಿಭಾಗದವರಿಗೆ ಪಟ್ಟಿ ಮಾಡಿ ಕೊಡಿ. ಹೀಗೆ ಜನ ಕರೆಯುವ ಹೆಸರೇ ಬೇರೆ, ಅಚ್ಚಾದ ಹೆಸರೇ ಬೇರೆ ಇರುವ ವರದಿಗಳು ಹಾವನೂರ್ ವರದಿಯಿಂದ ಹಿಡಿದು ಬೇಕಾದಷ್ಟಿವೆ.

ಕನ್ನಡ ವಿಭಾಗದ ಪೇಪರ್ ಹಿಡಿದವರಿಗೆ ಈ ತೊಂದರೆ ಇನ್ನೂ ಜಾಸ್ತಿ. 'ಕುವೆಂಪು' ಅಂತ ಹುಡುಕಿ, ಎಷ್ಟು ಬಂತು ನೋಡಿ. ಆಮೇಲೆ 'ಪುಟ್ಟಪ್ಪ, ಕೆ. ವಿ.' ಅಂತ ಹುಡುಕಿ. ಆಮೇಲೆ ಅದನ್ನೇ ಇಂಗ್ಲಿಷ್ ಅಕ್ಷರದಲ್ಲಿ. ಹಳೆಯ ದಾಖಲೆಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಹಾಕಿ, ಹೊಸವನ್ನು ಕನ್ನಡದಲ್ಲಿ ಹಾಕಿದ್ದರೆ ಮೂರು ಹುಡುಕಾಟಕ್ಕೆ ಮೂರು ಲೆಕ್ಕ ಬರುತ್ತದೆ. ಇನ್ನೊಂದು ಸೂಕ್ಷ್ಮ: ಯುನಿಕೋಡ್‌ನಲ್ಲಿ 'ಕೊ' ಅನ್ನುವುದರ ಒತ್ವವನ್ನು ಒಂದೇ ಸಂಕೇತವಾಗಿಯೂ ಟೈಪ್ ಮಾಡಬಹುದು, ಎತ್ವ ಮತ್ತು ಊತ್ವ ಎರಡನ್ನೂ ಸೇರಿಸಿಯೂ ಮಾಡಬಹುದು. ಪರದೆ ಮೇಲೆ ಎರಡೂ ಒಂದೇ ತರಹ ಕಾಣುತ್ತವೆ. ಅವೆರಡನ್ನೂ ಒಂದೇ ಎಂದು ನೋಡುವ ವ್ಯವಸ್ಥೆ ಸಾಫ್ಟ್‌ವೇರ್‌ನಲ್ಲಿ ಇಲ್ಲದಿದ್ದರೆ ಒಂದು ಸಿಗುತ್ತದೆ, ಇನ್ನೊಂದು ಸಿಗುವುದಿಲ್ಲ. ಇಂಥದ್ದು ಕಂಡರೆ ಸ್ಕ್ರೀನ್‌ಶಾಟ್ ತೆಗೆದು ಬರೆದಿಡಿ. ಇದನ್ನು ಕೂತು ಪರೀಕ್ಷಿಸಲು ಸಿಬ್ಬಂದಿಗೆ ಸಮಯ ಸಿಗುವುದು ಅಪರೂಪ, ಹಾಗಾಗಿ ಇಂಟರ್ನ್ ಕೊಡುವ ಈ ಪಟ್ಟಿಗೆ ನಿಜವಾದ ಬೆಲೆ ಇದೆ.

ಪುಸ್ತಕ ಆಯಿತು. ಇನ್ನು ಲೇಖನಗಳು. 'ಒಂದು ದೇಶ ಒಂದು ಚಂದಾ' ಯೋಜನೆ 2025ರ ಜನವರಿ 1ರಿಂದ ಜಾರಿಗೆ ಬಂದಿದೆ. 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು ಕೇಂದ್ರ, ರಾಜ್ಯ ಸರ್ಕಾರಗಳ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಸಿಗುತ್ತವೆ. ನಡೆಸುತ್ತಿರುವುದು ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ಇಟ್ಟಿದ್ದಾರೆ. ಇಷ್ಟೆಲ್ಲ ಇದ್ದೂ ಎಂ.ಎ. ತರಗತಿಯಲ್ಲಿ "ಯಾರು ಬಳಸಿದ್ದೀರಿ?" ಅಂತ ಕೇಳಿದರೆ ಒಂದೆರಡು ಕೈ ಎದ್ದರೆ ಹೆಚ್ಚು. ನಿಮ್ಮ ಶೀಟ್‌ನಲ್ಲಿರುವ ಪ್ರತಿ ಲೇಖನವನ್ನೂ ಕ್ಯಾಂಪಸ್ ವೈಫೈನಲ್ಲಿ ತೆರೆದು ನೋಡಿ. ಮನೆಯಿಂದ ಓದಲು ಇನ್‌ಫೆಡ್ ಲಾಗಿನ್ ಬೇಕು. ಅದನ್ನು ವಿದ್ಯಾರ್ಥಿಗಳಿಗೆ ಹೇಗೆ ಕೊಡುತ್ತಾರೆ ಅಂತ ಲೈಬ್ರರಿಯಲ್ಲಿ ಕೇಳಿ ತಿಳಿದುಕೊಳ್ಳಿ. ಹಳ್ಳಿಯಿಂದ ಬಸ್ಸಿನಲ್ಲಿ ಓಡಾಡುವ ಹುಡುಗಿಗೆ ಕ್ಯಾಂಪಸ್ ವೈಫೈಗಿಂತ ಈ ಲಾಗಿನ್ ಮುಖ್ಯ.

ಪಿಎಚ್‌ಡಿ ಥೀಸಿಸ್‌ಗಳಿಗೆ ಶೋಧಗಂಗಾ ಅನ್ನುವ ಆನ್‌ಲೈನ್ ಭಂಡಾರ ಇದೆ. ಪ್ರತಿ ವರ್ಷ ಬಜೆಟ್ ಹೊತ್ತಿಗೆ ಬರುವ ಕರ್ನಾಟಕ ಆರ್ಥಿಕ ಸಮೀಕ್ಷೆ ಸರ್ಕಾರದ ಜಾಲತಾಣದಲ್ಲಿ ಉಚಿತ. ಹಳೆಯ ಕನ್ನಡ ಪುಸ್ತಕಗಳ ಸ್ಕ್ಯಾನ್ ಪ್ರತಿಗಳು ಇಂಟರ್ನೆಟ್ ಆರ್ಕೈವ್‌ನಲ್ಲಿ ತುಂಬಾ ಇವೆ. ಐಐಟಿ ಖರಗ್‌ಪುರ ನಡೆಸುವ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯದಲ್ಲೂ ಒಮ್ಮೆ ಹುಡುಕಿ.

ಯಾವ ಪುಸ್ತಕ ಲೈಬ್ರರಿಯಲ್ಲಿ ಇಲ್ಲವೇ ಇಲ್ಲವೋ ಅದರ ಖರೀದಿ ಶಿಫಾರಸು ಪಟ್ಟಿ ಮಾಡಿ, ಮೇಷ್ಟ್ರ ಸಹಿ ಹಾಕಿಸಿ ಕೊಡಿ. ವಿಭಾಗದ ಬೇಡಿಕೆ ಇದ್ದರೆ ಲೈಬ್ರರಿ ಸಮಿತಿ ಮುಂದೆ ಅದಕ್ಕೆ ತೂಕ ಬರುತ್ತದೆ. ಒಂದೇ ಪ್ರತಿ ಇದ್ದು ಅರವತ್ತು ಜನ ಕೇಳುವ ಪುಸ್ತಕಗಳಿದ್ದರೆ ಕೊಹಾದಲ್ಲಿ 'ಕೋರ್ಸ್ ರಿಸರ್ವ್ಸ್' ಅನ್ನುವ ಸೌಲಭ್ಯ ಇದೆ. ಆ ಸೆಮಿಸ್ಟರ್ ಮಟ್ಟಿಗೆ ಪುಸ್ತಕವನ್ನು ಹದಿನೈದು ದಿನಕ್ಕೆ ಕೊಡದೆ, ಅಲ್ಲೇ ಕೂತು ಓದಲು ಅಥವಾ ಒಂದು ರಾತ್ರಿಗೆ ಮಾತ್ರ ಕೊಡುವ ಹಾಗೆ ಮಾಡಬಹುದು. ನಿರ್ಧಾರ ಗ್ರಂಥಪಾಲಕರದ್ದು, ಕೇಳುವುದಕ್ಕೇನು ಅಡ್ಡಿ?

5. ಎರಡು ಪುಟದ ಓದಿನ ಕೈಪಿಡಿ

ಈಗ ಶೀಟ್‌ನಲ್ಲಿರುವುದನ್ನು ವಿದ್ಯಾರ್ಥಿಗೆ ಕೊಡುವ ರೂಪಕ್ಕೆ ತನ್ನಿ. ಎ4 ಹಾಳೆಯ ಎರಡು ಬದಿ, ಅದಕ್ಕಿಂತ ಉದ್ದ ಬೇಡ. ಯೂನಿಟ್ ಪ್ರಕಾರ ಜೋಡಿಸಿ, ಲೇಖಕರ ಅಕಾರಾದಿಯಲ್ಲಿ ಬೇಡ. ವಿದ್ಯಾರ್ಥಿ ಓದುವುದು ಯೂನಿಟ್ ಲೆಕ್ಕದಲ್ಲಿ ಅಲ್ವಾ?

ಪ್ರತಿ ಯೂನಿಟ್‌ಗೆ ಮೊದಲು ಓದಬೇಕಾದ್ದು ಒಂದು, ಆಮೇಲೆ ಎರಡೋ ಮೂರೋ. ಪ್ರತಿಯೊಂದರ ಪಕ್ಕ ಒಂದು ಸಾಲಿನ ವಿವರ: "ಮೂರನೇ ಅಧ್ಯಾಯ ಸಾಕು", "ಅಂಕಿ-ಅಂಶ ಹಳೆಯದು, ವಾದ ಚೆನ್ನಾಗಿದೆ", "ಕನ್ನಡದಲ್ಲಿದೆ, ಮೊದಲು ಇದನ್ನೇ ಓದಿ". ಕಾಲ್ ನಂಬರ್ ಜೊತೆಗೆ ಯಾವ ಮಹಡಿ, ಎಷ್ಟನೇ ಸಾಲು ಅಂತಲೂ ಬರೆಯಿರಿ. ವಿವರ ಬರೆಯಲು ನೀವು ಪುಸ್ತಕ ತೆರೆದು ನೋಡಲೇಬೇಕು. ಹಿಂಬದಿಯ ಬ್ಲರ್ಬ್ ನೋಡಿ ಬರೆದರೆ ಮೇಷ್ಟ್ರಿಗೆ ಒಂದೇ ನೋಟಕ್ಕೆ ಗೊತ್ತಾಗುತ್ತದೆ.

ಕನ್ನಡ ಮಾಧ್ಯಮದಿಂದ ಬಂದವರಿಗಾಗಿ ಆ ಪೇಪರ್‌ನ ಇಪ್ಪತ್ತು ಪಾರಿಭಾಷಿಕ ಪದಗಳ ಚಿಕ್ಕ ಪಟ್ಟಿ ಸೇರಿಸಿ. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ 'ಭಾರತವಾಣಿ' ತಾಣದಲ್ಲಿ ವಿಷಯವಾರು ನಿಘಂಟುಗಳು ಉಚಿತವಾಗಿ ಸಿಗುತ್ತವೆ. ಪಟ್ಟಿಯನ್ನು ಮೇಷ್ಟ್ರಿಗೆ ತೋರಿಸಿ. ತರಗತಿಯಲ್ಲಿ ಅವರು ಬಳಸುವ ಪದವೇ ಇರಲಿ. ಮುದ್ರಿತ ಹಾಳೆ ಲೈಬ್ರರಿ ಕೌಂಟರ್‌ನಲ್ಲಿ, ಪಿಡಿಎಫ್ ತರಗತಿಯ ವಾಟ್ಸಾಪ್ ಗುಂಪಿನಲ್ಲಿ. ಲೈಬ್ರರಿ ಜಾಲತಾಣದಲ್ಲಿ ಹಾಕಿದರೆ ಒಳ್ಳೆಯದೇ, ಆದರೆ ಹುಡುಗರು ಅಲ್ಲಿಗೆ ಹೋಗಿ ನೋಡುತ್ತಾರೆ ಅಂತ ಕಾಯಬೇಡಿ.

ಇಲ್ಲಿ ಕಾಪಿರೈಟ್ ಪ್ರಶ್ನೆ ಬರುತ್ತದೆ. ಅಧ್ಯಾಯಗಳನ್ನು ಜೆರಾಕ್ಸ್ ಮಾಡಿ ಕೋರ್ಸ್ ಪ್ಯಾಕ್ ಮಾಡಬಹುದೇ? 2012ರಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಡ್ಜ್, ಟೇಲರ್ ಅಂಡ್ ಫ್ರಾನ್ಸಿಸ್ ಪ್ರಕಾಶಕರು ದೆಹಲಿ ವಿಶ್ವವಿದ್ಯಾಲಯದ ಮೇಲೂ ಅದರ ಆವರಣದ ಒಂದು ಜೆರಾಕ್ಸ್ ಅಂಗಡಿಯ ಮೇಲೂ ಇದೇ ವಿಷಯಕ್ಕೆ ಕೇಸ್ ಹಾಕಿದ್ದರು. 2016ರಲ್ಲಿ ದೆಹಲಿ ಹೈಕೋರ್ಟ್ ವಿಶ್ವವಿದ್ಯಾಲಯದ ಪರ ನಿಂತಿತು. 1957ರ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್‌ನಲ್ಲಿ ಬೋಧನೆಯ ಭಾಗವಾಗಿ ಪ್ರತಿ ಮಾಡಿಕೊಳ್ಳಲು ಕೊಟ್ಟಿರುವ ವಿನಾಯಿತಿ ಅದಕ್ಕೆ ಆಧಾರ. ಮರುವರ್ಷ ಪ್ರಕಾಶಕರು ಕೇಸ್ ವಾಪಸ್ ಪಡೆದರು. ಅಂದ ಮಾತ್ರಕ್ಕೆ ಇಡೀ ಪುಸ್ತಕ ಸ್ಕ್ಯಾನ್ ಮಾಡಿ ಟೆಲಿಗ್ರಾಂಗೆ ಹಾಕುವುದಕ್ಕೆ ಪರವಾನಗಿ ಸಿಕ್ಕಿತು ಅಂತ ತಿಳಿಯಬೇಡಿ. ಸಿಲಬಸ್‌ಗೆ ಬೇಕಾದ ಅಧ್ಯಾಯ, ಆ ತರಗತಿಗೆ, ಮೇಷ್ಟ್ರ ಸೂಚನೆ ಮೇರೆಗೆ. ಅನುಮಾನ ಬಂದರೆ ಗ್ರಂಥಪಾಲಕರನ್ನು ಕೇಳಿ, ಲಿಂಕ್ ಕೊಟ್ಟು ಸುಮ್ಮನಿರಿ.

6. ರೆಫರೆನ್ಸ್ ಮೇಜಿನ ಹಿಂದೆ

ವಾರದಲ್ಲಿ ಎರಡು ಮಧ್ಯಾಹ್ನವಾದರೂ ರೆಫರೆನ್ಸ್ ಮೇಜಿನಲ್ಲಿ ಕೂತುಕೊಳ್ಳಿ. ಅಲ್ಲಿ ಕಲಿಯಬೇಕಾದ ವಿದ್ಯೆ, ಕೇಳಿದ ಪ್ರಶ್ನೆಯ ಹಿಂದಿನ ಪ್ರಶ್ನೆ ಹಿಡಿಯುವುದು.

"ಮೇಡಂ, ಎಕನಾಮಿಕ್ಸ್ ಬುಕ್ ಎಲ್ಲಿದೆ?"

"ಎರಡನೇ ಮಹಡಿ, 330" ಅಂದರೆ ಉತ್ತರ ಸರಿ, ಸಹಾಯ ಶೂನ್ಯ. ಬದಲಿಗೆ,

"ಯಾವುದಕ್ಕೆ ಬೇಕಾಗಿತ್ತು? ಅಸೈನ್‌ಮೆಂಟಾ?"

"ಹೂಂ, ಸೆಮಿನಾರ್ ಇದೆ."

"ಯಾವ ಟಾಪಿಕ್ ಕೊಟ್ಟಿದ್ದಾರೆ?"

"ಹೈದರಾಬಾದ್ ಕರ್ನಾಟಕದ್ದು… 371 ಜೆ."

"ಯಾವತ್ತು ಸೆಮಿನಾರು?"

"ನಾಳೆ."

ಈಗ ಗೊತ್ತಾಯಿತು. ಈ ಹುಡುಗನಿಗೆ ನಾನೂರು ಪುಟದ ಪುಸ್ತಕ ಕೊಟ್ಟು ಪ್ರಯೋಜನವಿಲ್ಲ. ನಂಜುಂಡಪ್ಪ ವರದಿಯ ಸಂಬಂಧಪಟ್ಟ ಭಾಗ, ಆರ್ಥಿಕ ಸಮೀಕ್ಷೆಯಲ್ಲಿ ಕಲ್ಯಾಣ ಕರ್ನಾಟಕದ ಬಗ್ಗೆ ಇರುವ ಪುಟಗಳು, ಒಂದು ಲೇಖನ. 2019ರಲ್ಲಿ ಆ ಭಾಗದ ಹೆಸರು ಬದಲಾಯಿತು, ಹಾಗಾಗಿ ಹೈದರಾಬಾದ್ ಕರ್ನಾಟಕ ಅಂತ ಹುಡುಕಿದರೆ ಅದರ ಹಿಂದಿನದು ಸಿಗುತ್ತದೆ, ಕಲ್ಯಾಣ ಕರ್ನಾಟಕ ಅಂತ ಹುಡುಕಿದರೆ ಆಮೇಲಿನದು ಸಿಗುತ್ತದೆ ಅಂತಲೂ ಹೇಳಿ ಕಳಿಸಿ. ಹುಡುಕುವಾಗ ಪರದೆಯನ್ನು ಅವನ ಕಡೆ ತಿರುಗಿಸಿ, ಕೀಬೋರ್ಡ್ ಅವನ ಕೈಗೆ ಕೊಡಿ. ಮುಂದಿನ ಸಲ ಅವನೇ ಮಾಡಿಕೊಳ್ಳಲಿ.

ಇತ್ತೀಚೆಗೆ ಹೊಸ ಬಗೆಯ ಪ್ರಶ್ನೆ ಬರುತ್ತಿದೆ. ವಿದ್ಯಾರ್ಥಿ ಒಂದು ಲೇಖನದ ಹೆಸರು ತರುತ್ತಾನೆ. ಲೇಖಕ, ಜರ್ನಲ್, ವರ್ಷ ಎಲ್ಲ ಅಚ್ಚುಕಟ್ಟಾಗಿದೆ. ಹುಡುಕಿದರೆ ಎಲ್ಲೂ ಇಲ್ಲ. ಕೇಳಿದರೆ ಎಐ ಚಾಟ್‌ಬಾಟ್ ಕೊಟ್ಟ ಪಟ್ಟಿ ಅಂತ ಗೊತ್ತಾಗುತ್ತದೆ. ಬೈಯಬೇಡಿ, ಪರೀಕ್ಷಿಸುವ ರೀತಿ ತೋರಿಸಿ. ಆ ಜರ್ನಲ್‌ನ ತಾಣಕ್ಕೆ ಹೋಗಿ, ಆ ಸಂಪುಟ, ಆ ಸಂಚಿಕೆ ತೆರೆದು, ಆ ಪುಟದಲ್ಲಿ ಏನಿದೆ ನೋಡಲಿ. ಎರಡು ನಿಮಿಷದ ಕೆಲಸ.

7. ನಲವತ್ತು ನಿಮಿಷದ ಒಂದು ತರಗತಿ

ಹೊಸ ಓದುಗರಿಗೆ ಲೈಬ್ರರಿ ಬಳಸಲು ಕಲಿಸುವುದೂ ರೆಫರೆನ್ಸ್ ಸೇವೆಯ ಭಾಗವೇ ಎಂದು ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್. ಆರ್. ರಂಗನಾಥನ್ ಯಾವತ್ತೋ ಹೇಳಿದ್ದರು. ಈಗ ಅದು ಓರಿಯೆಂಟೇಶನ್ ಹೆಸರಿನಲ್ಲಿ ಎಷ್ಟೋ ಕಡೆ ಭಾಷಣವಾಗಿದೆ. ಲೈಬ್ರರಿಯಲ್ಲಿ ಎಷ್ಟು ಲಕ್ಷ ಪುಸ್ತಕ, ಎಷ್ಟು ಚದರ ಅಡಿ, ಎಷ್ಟು ಸಿಸಿಟಿವಿ. ಯಾರಿಗೆ ಬೇಕು?

ಅಸೈನ್‌ಮೆಂಟ್ ಕೊಟ್ಟ ವಾರದಲ್ಲೇ ಮೇಷ್ಟ್ರಿಂದ ಒಂದು ಪೀರಿಯಡ್ ಕೇಳಿ. ಅದೇ ಅಸೈನ್‌ಮೆಂಟ್ ಪ್ರಶ್ನೆಯನ್ನು ಬೋರ್ಡ್ ಮೇಲೆ ಬರೆಯಿರಿ. ಮೊದಲ ಹತ್ತು ನಿಮಿಷ ಅದರಲ್ಲಿ ಹುಡುಕಬೇಕಾದ ಪದಗಳು ಯಾವುವು ಅಂತ ಅವರಿಂದಲೇ ಹೇಳಿಸಿ. ಮುಂದಿನ ಇಪ್ಪತ್ತು ನಿಮಿಷ ಇಬ್ಬಿಬ್ಬರು ಸೇರಿ ಮೊಬೈಲ್‌ನಲ್ಲೇ ಹುಡುಕಲಿ: ಕ್ಯಾಟಲಾಗ್‌ನಲ್ಲಿ ಒಂದು ಪುಸ್ತಕ, ಜರ್ನಲ್‌ನಲ್ಲಿ ಒಂದು ಲೇಖನ, ಒಂದು ಸರ್ಕಾರಿ ವರದಿ. ಕೊನೆಯ ಹತ್ತು ನಿಮಿಷ ಸಿಕ್ಕಿದ್ದನ್ನು ಉಲ್ಲೇಖಿಸುವ ರೀತಿ. ಪ್ರೊಜೆಕ್ಟರ್ ಕೈಕೊಡುತ್ತದೆ ಅಂತ ಮೊದಲೇ ಅಂದುಕೊಂಡು ಸ್ಕ್ರೀನ್‌ಶಾಟ್‌ಗಳ ಪ್ರಿಂಟ್ ಒಯ್ಯಿರಿ. ತರಗತಿ ಆದ ಮೇಲೆ ಒಂದು ಚೀಟಿಯಲ್ಲಿ "ಇನ್ನೂ ಗೊತ್ತಾಗದ್ದು ಏನು?" ಅಂತ ಬರೆಸಿಕೊಳ್ಳಿ. 'ಚೆನ್ನಾಗಿತ್ತು' ಅನ್ನುವ ಫೀಡ್‌ಬ್ಯಾಕ್ ಫಾರಂಗಿಂತ ಆ ಚೀಟಿಗಳು ಜಾಸ್ತಿ ಉಪಯೋಗಕ್ಕೆ ಬರುತ್ತವೆ.

8. ಕಣ್ಣು ಕಾಣದ ಓದುಗರಿಗೆ

ನಿಮ್ಮ ಪೇಪರ್‌ನ ತರಗತಿಯಲ್ಲಿ ದೃಷ್ಟಿ ಸಮಸ್ಯೆ ಇರುವ ವಿದ್ಯಾರ್ಥಿ ಇದ್ದಾರೆಯೇ ಕೇಳಿ. ಇದ್ದರೆ ನಿಮ್ಮ ಕೈಪಿಡಿಯ ಪಿಡಿಎಫ್ ಅವರ ಸ್ಕ್ರೀನ್ ರೀಡರ್‌ನಲ್ಲಿ (ಪರದೆ ಮೇಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ಸಾಫ್ಟ್‌ವೇರ್) ಓದಿಸಿಕೊಳ್ಳುತ್ತದೆಯೇ ಪರೀಕ್ಷಿಸಿ. ಎನ್‌ವಿಡಿಎ ಉಚಿತ ಸಾಫ್ಟ್‌ವೇರ್, ಕನ್ನಡವನ್ನೂ ಓದುತ್ತದೆ. ಆದರೆ ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ, ಅಂದರೆ ಯುನಿಕೋಡ್ ಅಲ್ಲದ ರೀತಿಯಲ್ಲಿ ಟೈಪ್ ಮಾಡಿದ ನೋಟ್ಸ್ ಕೊಟ್ಟರೆ ಅದಕ್ಕೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳೇ ಕಾಣುವುದು. ಮೇಷ್ಟ್ರ ಹಳೆಯ ನೋಟ್ಸ್ ಹೆಚ್ಚಾಗಿ ಹಾಗೇ ಇರುತ್ತವೆ. ಅವನ್ನು ಪರಿವರ್ತಕದಲ್ಲಿ ಹಾಕಿ ಯುನಿಕೋಡ್‌ಗೆ ತಂದು, ಅರ್ಕಾವತ್ತು, ಒತ್ತಕ್ಷರ ಕೆಟ್ಟಿದ್ದರೆ ತಿದ್ದಿಕೊಡಿ. ಬೇಸರದ ಕೆಲಸ ಹೌದು. ಆದರೆ ಒಬ್ಬರ ಸೆಮಿಸ್ಟರ್ ಅದರ ಮೇಲೆ ನಿಂತಿರಬಹುದು.

ಮುದ್ರಿತ ಪುಸ್ತಕವನ್ನು ಅವರು ಓದಬಲ್ಲ ರೂಪಕ್ಕೆ ಬದಲಾಯಿಸಲು 2012ರ ತಿದ್ದುಪಡಿಯ ನಂತರ ಕಾಪಿರೈಟ್ ಕಾಯ್ದೆಯಲ್ಲೇ ಅವಕಾಶವಿದೆ. ಸುಗಮ್ಯ ಪುಸ್ತಕಾಲಯ ಅನ್ನುವ ಆನ್‌ಲೈನ್ ಗ್ರಂಥಾಲಯದಲ್ಲಿ ಆಗಲೇ ಸಿದ್ಧವಾದ ಪುಸ್ತಕಗಳಿವೆ. ಮೊದಲು ಅಲ್ಲಿ ಹುಡುಕಿ.

9. ಮಾಡಬಾರದ ಕೆಲವು ಕೆಲಸ

ಯಾರ ಅಸೈನ್‌ಮೆಂಟನ್ನೂ ಬರೆದುಕೊಡಬೇಡಿ, ಗೆಳೆಯರದ್ದಂತೂ ಬೇಡವೇ ಬೇಡ. ಹುಡುಕಲು ಸಹಾಯ ಮಾಡಿ, ಬರೆಯುವುದು ಅವರ ಕೆಲಸ.

ಕೌಂಟರ್ ಲಾಗಿನ್‌ನಲ್ಲಿ ಯಾರು ಯಾವ ಪುಸ್ತಕ ತೆಗೆದುಕೊಂಡಿದ್ದಾರೆ ಅನ್ನುವುದು ನಿಮಗೆ ಕಾಣುತ್ತದೆ. ಅದು ಅಲ್ಲೇ ಇರಲಿ. "ಆ ಬುಕ್ ಯಾರ ಹತ್ರ ಇದೆ ಹೇಳು, ಈಸ್ಕೊಳ್ತೀನಿ" ಅಂತ ಕೇಳುವವರು ಬಂದೇ ಬರುತ್ತಾರೆ. ರಿಸರ್ವ್ ಮಾಡಿಕೊಡಿ, ಹೆಸರು ಹೇಳಬೇಡಿ. ಹುಡುಗಿಯರ ಫೋನ್ ನಂಬರ್ ವಿಷಯದಲ್ಲಿ ಇದನ್ನು ಎರಡು ಸಲ ಹೇಳಬೇಕಾಗುತ್ತದೆ.

ಸಿಮಿಲಾರಿಟಿ ತಪಾಸಣೆ ಸಾಫ್ಟ್‌ವೇರ್, ಅಂದರೆ ಥೀಸಿಸ್‌ನ ಬರಹ ಬೇರೆಯವರ ಬರಹಕ್ಕೆ ಶೇಕಡ ಎಷ್ಟು ಹೋಲುತ್ತದೆ ಅಂತ ತೋರಿಸುವ ಸಾಫ್ಟ್‌ವೇರ್ ವಿಚಾರದಲ್ಲೂ ಹುಷಾರು. ಶೋಧಶುದ್ಧಿ ಯೋಜನೆಯಡಿ ವಿಶ್ವವಿದ್ಯಾಲಯಗಳಿಗೆ ಸಿಕ್ಕಿರುವ ಇದನ್ನು ಲೈಬ್ರರಿಯಲ್ಲೇ ನಡೆಸುತ್ತಾರೆ. ಸಂಶೋಧನಾ ವಿದ್ಯಾರ್ಥಿಗಳು ನಿಮ್ಮ ಹತ್ತಿರ ಬಂದು "ಸ್ವಲ್ಪ ಪರ್ಸೆಂಟ್ ಇಳಿಸಿಕೊಡು" ಅನ್ನಬಹುದು. ಯುಜಿಸಿಯ 2018ರ ನಿಯಮದಲ್ಲಿ 10 ಶೇಕಡವರೆಗೆ ದಂಡವಿಲ್ಲ, 60 ದಾಟಿದರೆ ನೋಂದಣಿಯೇ ರದ್ದು. ನಡುವೆ ಎರಡು ಹಂತಗಳಿವೆ. ನಿಯಮ ವಿವರಿಸಿ, ಉದ್ಧರಣ ಚಿಹ್ನೆ ಹಾಕುವುದು ಹೇಗೆ ತೋರಿಸಿ, ಅಷ್ಟೇ. ಪದ ಬದಲಾಯಿಸಿಕೊಡುವುದು ಮೋಸಕ್ಕೆ ಕೈಜೋಡಿಸಿದ ಹಾಗೆ.

10. ಡೈರಿ, ವರದಿ, ಒಪ್ಪಿಸುವುದು

ದಿನವೂ ಹೊರಡುವ ಮುಂಚೆ ಐದು ಸಾಲು ಬರೆಯಿರಿ: ಏನು ಮಾಡಿದೆ, ಯಾವ ಪ್ರಶ್ನೆ ಬಂತು, ಯಾವುದಕ್ಕೆ ಉತ್ತರ ಸಿಗಲಿಲ್ಲ. ವಾರಕ್ಕೊಮ್ಮೆ ಮೇಲ್ವಿಚಾರಕರ ಸಹಿ ಹಾಕಿಸಿ. ಕೊನೆಯ ದಿನ ಎಲ್ಲ ಸಹಿ ಒಟ್ಟಿಗೆ ಹಾಕಿಸಲು ಹೋದರೆ ಅವರು ರಜೆಯಲ್ಲಿರುತ್ತಾರೆ.

ವರದಿಯಲ್ಲಿ ಲೈಬ್ರರಿಯ ಇತಿಹಾಸ, ಉದ್ದೇಶ, ಧ್ಯೇಯವಾಕ್ಯ ಅಂತ ಹತ್ತು ಪುಟ ತುಂಬಿಸುವ ಚಾಳಿ ಇದೆ. ಒಂದು ಪ್ಯಾರಾ ಸಾಕು. ಪರೀಕ್ಷಕರು ನೋಡಬೇಕಾದದ್ದು ನಿಮ್ಮ ಶೀಟ್. ಪಟ್ಟಿಯಲ್ಲಿ ಎಷ್ಟು ಪುಸ್ತಕ ಇತ್ತು, ಎಷ್ಟು ಸಿಕ್ಕಿತು, ಎಷ್ಟು ಇದ್ದೂ ಸಿಗುತ್ತಿರಲಿಲ್ಲ, ಯಾಕೆ, ಈಗ ಏನಾಗಿದೆ. ಮೇಜಿನಲ್ಲಿ ಬಂದ ಪ್ರಶ್ನೆಗಳನ್ನು ಹೆಸರಿಲ್ಲದೆ ಬಗೆಬಗೆಯಾಗಿ ವಿಂಗಡಿಸಿ ಹಾಕಿ. ಆಗದೆ ಉಳಿದ ಕೆಲಸವನ್ನೂ ಬರೆಯಿರಿ.

ಹೊರಡುವ ಮುಂಚೆ ಕೈಪಿಡಿಯ ತಿದ್ದಬಹುದಾದ ಫೈಲ್ ಲೈಬ್ರರಿಗೂ ವಿಭಾಗಕ್ಕೂ ಕೊಡಿ. ಬರೀ ಪಿಡಿಎಫ್ ಕೊಟ್ಟರೆ ಮುಂದಿನ ವರ್ಷ ಯಾರೂ ಮುಟ್ಟುವುದಿಲ್ಲ. ಅದು ನಿಮ್ಮ ಸ್ವಂತ ಗೂಗಲ್ ಡ್ರೈವ್‌ನಲ್ಲಿ ಇರಬಾರದು, ಲೈಬ್ರರಿಯ ಖಾತೆಯಲ್ಲಿ ಇರಬೇಕು. ಹಾಳೆಯ ಕೆಳಗೆ ಯಾವ ತಿಂಗಳು ಪರಿಶೀಲಿಸಿದ್ದು, ಮುಂದೆ ಯಾರು ನೋಡಿಕೊಳ್ಳುತ್ತಾರೆ ಅಂತ ಬರೆಯಿರಿ. ಹೆಸರಿಗಿಂತ ಹುದ್ದೆ ಬರೆದರೆ ಒಳ್ಳೆಯದು, ಜನ ವರ್ಗವಾಗುತ್ತಾರೆ. ನಿಮ್ಮ ಲಾಗಿನ್ ರದ್ದು ಮಾಡಿಸಿ, ನಿಮ್ಮ ಹೆಸರಿನಲ್ಲಿರುವ ಪುಸ್ತಕ ವಾಪಸ್ ಕೊಟ್ಟು ನೋ ಡ್ಯೂ ತೆಗೆದುಕೊಳ್ಳಿ. ಸರ್ಟಿಫಿಕೇಟ್‌ನಲ್ಲಿ ಬರೀ "ಇಂಟರ್ನ್‌ಶಿಪ್ ಪೂರೈಸಿದ್ದಾರೆ" ಅಂತ ಇದ್ದರೆ ಗಂಟೆಗಳನ್ನೂ ಕೈಪಿಡಿಯ ಹೆಸರನ್ನೂ ಸೇರಿಸಿಕೊಡಿ ಅಂತ ಕೇಳಿ. ಕರಡು ನೀವೇ ಟೈಪ್ ಮಾಡಿ ಒಯ್ದರೆ ಆ ದಿನವೇ ಸಹಿ ಬೀಳುತ್ತದೆ.